ಚಮಚದ ಬೆನ್ನು ಓದಿ, ಕುಲುಮೆಯ ಮಾತು ಆಮೇಲೆ

ಓದುಗರ ಪ್ರಶ್ನೆ: ನಮ್ಮ ದೊಡ್ಡಪ್ಪ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದರು. 1956ರಿಂದ ನಿವೃತ್ತಿಯವರೆಗೆ ಹೋದ ಬಂದರಿನಿಂದೆಲ್ಲ ಒಂದೊಂದು ಪುಟ್ಟ ಚಮಚ ತಂದು ಬೀಟೆ ಮರದ ಹಲಗೆಯಲ್ಲಿ ಸಿಕ್ಕಿಸಿದ್ದರು. ಈಗ 36 ಚಮಚ ನನ್ನ ಪಾಲಿಗೆ ಬಂದಿವೆ, ಒಟ್ಟು 520 ಗ್ರಾಂ. ಬೆನ್ನಿನ ಮೇಲೆ ಕೆಲವಕ್ಕೆ ‘ಇಪಿಎನ್‌ಎಸ್’, ಕೆಲವಕ್ಕೆ ‘90’, ಮೂರಕ್ಕೆ ‘800’, ಎರಡಕ್ಕೆ ‘ಸ್ಟರ್ಲಿಂಗ್’ ಎಂದಿದೆ. ಐದರಲ್ಲಿ ಸಿಂಹ, ಲಂಗರು ಮತ್ತು ಒಂದು ಅಕ್ಷರ. ಸ್ಟರ್ಲಿಂಗ್ ಎಂದಿರುವ ಒಂದರಲ್ಲೂ ಸಿಂಹ, ಲಂಗರು ಇವೆ. ಇನ್ನೊಂದರಲ್ಲಿ ಪೊರಕೆ ಹಿಡಿದ ಮುದುಕಿ, ‘ಸೇಲಂ’ ಎಂಬ ಹೆಸರು. ತಮಿಳುನಾಡಿನ ಸೇಲಂನಲ್ಲಿ ಇಂಥದ್ದು ಮಾಡುತ್ತಿದ್ದರೇ? ಮದ್ರಾಸಿನ ಮೂರ್ ಮಾರ್ಕೆಟ್ಟಿನಲ್ಲಿ ಕೊಂಡ, ತುದಿಯಲ್ಲಿ ದೇವರ ಮೂರ್ತಿಯಿರುವ ಒಂದಕ್ಕೆ ಮುದ್ರೆಯೇ ಇಲ್ಲ. ಅಕ್ಕಸಾಲಿಗರು ‘ಎಲ್ಲ ಜರ್ಮನ್ ಸಿಲ್ವರ್, ತೂಕಕ್ಕೆ ತಗೋತೀನಿ’ ಎಂದರು. ಮನೆಯಲ್ಲಿ ‘ನೂರು ವರ್ಷದ್ದು, ಲಕ್ಷಗಟ್ಟಲೆ ಬಾಳುತ್ತೆ’ ಎನ್ನುತ್ತಾರೆ. ಅಲ್ಯುಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಹಾಕಿದ ಕುದಿನೀರಿನಲ್ಲಿ ಎರಡನ್ನು ತೊಳೆದೆ. ಹೊಳಪೇನೋ ಬಂತು, ಚಿತ್ರ ಮಾತ್ರ ಬೋಳಾದಂತೆ ಕಾಣುತ್ತಿದೆ. ಕರಗಿಸಿ ದೇವರ ಮನೆಗೊಂದು ಬಟ್ಟಲು ಮಾಡಿಸಲೇ?

ಉತ್ತರ: ಸದ್ಯಕ್ಕೆ ಕರಗಿಸಲೂ ಬೇಡಿ, ಇನ್ನೊಂದು ಚಮಚವನ್ನು ಸೋಡಾ ನೀರಿಗೆ ಹಾಕಲೂ ಬೇಡಿ. ಅಕ್ಕಸಾಲಿಗರು ಹೇಳಿದ್ದು ಅರ್ಧ ನಿಜ, ಮನೆಯವರು ಹೇಳಿದ್ದರಲ್ಲಿ ನಿಜ ಇನ್ನೂ ಕಡಿಮೆ. ನಿಮ್ಮ ಹಲಗೆಯಲ್ಲಿ ಮೂರು ಜಾತಿ ಬೆರೆತಿವೆ: ಗಟ್ಟಿ ಬೆಳ್ಳಿ, ಬೆಳ್ಳಿ ನೀರು ಕೊಟ್ಟದ್ದು, ಹೆಸರಿನಲ್ಲಷ್ಟೇ ಬೆಳ್ಳಿ ಇರುವುದು. ಬೇರ್ಪಡಿಸಲು ಒಂದು ಭೂತಗನ್ನಡಿಯೂ ಒಂದು ಮಧ್ಯಾಹ್ನವೂ ಸಾಕು.

ಮೊದಲು ಸೇಲಂ ಮುದುಕಿಯ ವಿಷಯ, ಏಕೆಂದರೆ ಈ ಹವ್ಯಾಸದ ಕತೆಯೆಲ್ಲ ಆ ಒಂದು ಚಮಚದ ಸುತ್ತ ಇದೆ. ಅದು ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ. 1692ರಲ್ಲಿ ಅಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ವಿಚಾರಣೆ ನಡೆದು 19 ಜನರನ್ನು ಗಲ್ಲಿಗೇರಿಸಿದ್ದರು. ಅದಾಗಿ ಇನ್ನೂರು ವರ್ಷ ತುಂಬುವ ಹೊತ್ತಿಗೆ ಡೇನಿಯಲ್ ಲೋ ಎಂಬ ಅಲ್ಲಿನ ಆಭರಣ ವ್ಯಾಪಾರಿ ಯೂರೋಪಿಗೆ ಹೋಗಿದ್ದ. ಜರ್ಮನಿಯಲ್ಲಿ ಊರಿನ ಗುರುತು ಹೊತ್ತ ಚಮಚಗಳನ್ನು ಪ್ರವಾಸಿಗರಿಗೆ ಮಾರುವುದನ್ನು ಕಂಡು ಬಂದ. ಮಗ ಸೆತ್ ಲೋ ಚಿತ್ರ ಬರೆದ: ಪೊರಕೆ ಹಿಡಿದ ಮಾಟಗಾತಿ, ಊರಿನ ಹೆಸರು, ವಿಚಾರಣೆಯಲ್ಲಿ ಸಾಕ್ಷ್ಯವಾಗಿದ್ದ ಗುಂಡುಸೂಜಿಗಳ ನೆನಪಿಗೆ ಮೂರು ಸೂಜಿ. ನ್ಯೂ ಹ್ಯಾಂಪ್‌ಶೈರ್‌ನ ಡರ್ಗಿನ್ ಕಂಪನಿ ಅಚ್ಚು ಹಾಕಿತು. 1891ರ ಹೊತ್ತಿಗೆ ಅದು ಸಾವಿರಾರು ಸಂಖ್ಯೆಯಲ್ಲಿ ಹೋಗತೊಡಗಿತು.

ಅಮೆರಿಕದ ಮೊದಲ ಸುವನೀರ್ ಚಮಚ, ಅಂದರೆ ನೆನಪಿಗೆಂದು ಕೊಂಡೊಯ್ಯುವ ಚಮಚ, ಇದಲ್ಲ. ಅದಕ್ಕೂ ಸ್ವಲ್ಪ ಮೊದಲು, 1889-90ರ ಸುಮಾರಿಗೆ, ವಾಷಿಂಗ್ಟನ್‌ನ ಗಾಲ್ಟ್ ಎಂಬ ಅಂಗಡಿಯವರು ಜಾರ್ಜ್ ವಾಷಿಂಗ್ಟನ್‌ರ ಮುಖವಿರುವ ಚಮಚ ತಂದಿದ್ದರು, ಹಿಂದೆಯೇ ಅವರ ಪತ್ನಿ ಮಾರ್ಥಾ ಅವರದ್ದನ್ನೂ. ಆದರೆ ದೇಶಕ್ಕೆಲ್ಲ ಹುಚ್ಚು ಹಿಡಿಸಿದ್ದು ಮಾಟಗಾತಿ. ಮರುವರ್ಷಕ್ಕೆಲ್ಲ ಜಲಪಾತ, ಸೇತುವೆ, ಗಣಿ, ಹೋಟೆಲು, ಕೋರ್ಟು ಕಟ್ಟಡ ಎಲ್ಲವೂ ಚಮಚದ ಮೇಲೇರಿದವು.

ಅದೇ ಹತ್ತು ವರ್ಷದಲ್ಲಿ ಏಕೆ ಎಂದರೆ ಮೂರು ಕಾರಣ ಒಟ್ಟಿಗೆ ಕೂಡಿಬಂದಿದ್ದವು. ನೆವಾಡಾದ ಕಾಮ್‌ಸ್ಟಾಕ್ ಗಣಿ 1859ರಲ್ಲಿ ಸಿಕ್ಕಿದ ಮೇಲೆ ಬೆಳ್ಳಿ ಹೇರಳವಾಯಿತು, ಬೆಲೆ ಇಳಿಯುತ್ತ ಬಂತು. 1890ರಲ್ಲಿ ಔನ್ಸಿಗೆ ಒಂದು ಡಾಲರಿನ ಆಸುಪಾಸಿನಲ್ಲಿದ್ದದ್ದು 1894ಕ್ಕೆ ಮುಕ್ಕಾಲು ಡಾಲರಿಗೂ ಕೆಳಗಿಳಿಯಿತು. ಎರಡನೆಯದು ಉಗಿಯಂತ್ರದಿಂದ ನಡೆಯುವ ಒತ್ತುಯಂತ್ರ. ಉಕ್ಕಿನ ಅಚ್ಚನ್ನು ಒಮ್ಮೆ ಕೊರೆದಿಟ್ಟರೆ ಕೆತ್ತನೆಗಾರನ ಕೈ ಸೋಕದೆ ಸಾವಿರ ಚಮಚ ಒಂದೇ ರೂಪದಲ್ಲಿ ಬೀಳುತ್ತವೆ. ಮೂರನೆಯದು ರೈಲು. ಕೈಯಲ್ಲಿ ರಜೆ, ಜೇಬಿನಲ್ಲಿ ಸ್ವಲ್ಪ ಕಾಸು ಇದ್ದ ಮಧ್ಯಮ ವರ್ಗ ಮೊದಲ ಸಲ ಊರು ನೋಡಲು ಹೊರಟಿತ್ತು. ಚಮಚ ಪೆಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ, ಒಡೆಯುವುದಿಲ್ಲ, ಅತಿಥಿಗಳ ಮುಂದೆ ಕಾಫಿ ಬಟ್ಟಲಿನ ಜೊತೆ ಇಟ್ಟರೆ ‘ನಾವು ಅಲ್ಲಿಗೂ ಹೋಗಿ ಬಂದೆವು’ ಎಂದು ಬಾಯಿಬಿಟ್ಟು ಹೇಳುವ ಕೆಲಸವೂ ಉಳಿಯುತ್ತದೆ. 1893ರಲ್ಲಿ ಷಿಕಾಗೋದ ಕೊಲಂಬಿಯನ್ ಪ್ರದರ್ಶನಕ್ಕೆ ಆರು ತಿಂಗಳಲ್ಲಿ ಸುಮಾರು 2.7 ಕೋಟಿ ಜನ ಬಂದಾಗ ಕೊಲಂಬಸನ ಮುಖದ ಚಮಚಗಳಿಗೆ ಲೆಕ್ಕವೇ ಇರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಈ ಭರಾಟೆ ತಣ್ಣಗಾಯಿತು. ಎರಡನೆಯದರ ನಂತರ ಪ್ರವಾಸ ಮತ್ತೆ ಕುದುರಿದಾಗ ಚಮಚಗಳೂ ಮರಳಿದವು, ಆದರೆ ಈ ಸಲ ಬಹುಪಾಲು ಲೇಪನದವು. ನಿಮ್ಮ ದೊಡ್ಡಪ್ಪ ಕೊಂಡದ್ದು ಈ ಎರಡನೆಯ ಅಲೆಯಲ್ಲಿ. ಆದ್ದರಿಂದ 36ರಲ್ಲಿ ಹೆಚ್ಚಿನವಕ್ಕೆ ಅವರು ಕೊಂಡಾಗಿನ ವಯಸ್ಸೇ ಹೊರತು ನೂರು ವರ್ಷವಿಲ್ಲ. ಹಳೆ ಸಾಮಾನಿನ ಅಂಗಡಿಯಿಂದ ಬಂದಿರಬಹುದಾದ ಮೂರ್ನಾಲ್ಕು ಇದಕ್ಕೆ ಹೊರತು.

ಬೆನ್ನಿನ ಮುದ್ರೆಗಳು

‘ಇಪಿಎನ್‌ಎಸ್’ ಎಂದರೆ ನಿಕ್ಕಲ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿ ನೀರು. ಒಳಗಿನ ಲೋಹ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಮ್ಮಲ್ಲಿ ಜರ್ಮನ್ ಸಿಲ್ವರ್ ಎನ್ನುವುದು ಇದನ್ನೇ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ 1840ರಲ್ಲಿ ಈ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಬಡವರ ಮೇಜಿಗೂ ಬೆಳ್ಳಿಯ ಹೊಳಪು ಬಂತು. ಅಲ್ಪಾಕಾ, ನೆವಾಡಾ ಸಿಲ್ವರ್, ಬ್ರೆಜಿಲಿಯನ್ ಸಿಲ್ವರ್ ಎಂಬ ಹೆಸರು ಕಂಡರೂ ಹಿಗ್ಗಬೇಡಿ. ಅವೆಲ್ಲ ಅದೇ ಮಿಶ್ರಣದ ವ್ಯಾಪಾರಿ ಹೆಸರುಗಳು, ಬೆಳ್ಳಿ ಎಳ್ಳಷ್ಟೂ ಇಲ್ಲ.

‘90’ ನೋಡಿ ನೂರಕ್ಕೆ ತೊಂಬತ್ತು ಬೆಳ್ಳಿ ಎಂದು ನಂಬುವವರು ಬಹಳ. ಅದು ಶುದ್ಧತೆಯಲ್ಲ, ಲೇಪನದ ಲೆಕ್ಕ: ಊಟದ 12 ಚಮಚ, 12 ಫೋರ್ಕ್ ಸೇರಿ 24ಕ್ಕೆ ಒಟ್ಟು 90 ಗ್ರಾಂ ಬೆಳ್ಳಿ ಬಳಿದಿದ್ದಾರೆ ಎಂದರ್ಥ. ಜರ್ಮನಿ, ಹಾಲೆಂಡಿನ ಬಂದರುಗಳಲ್ಲಿ ಗಾಳಿಗಿರಣಿಯ ಚಮಚಗಳು ಹೆಚ್ಚಾಗಿ ಇವೇ. ‘100’ ಎಂದಿದ್ದರೂ ಹಿಗ್ಗುವಂತಿಲ್ಲ. ಸ್ವಿಟ್ಜರ್ಲೆಂಡಿನ ಬುಕರರ್ ಅಂಗಡಿಯವರು ರೋಲೆಕ್ಸ್ ಹೆಸರು ಹಾಕಿ ಗ್ರಾಹಕರಿಗೆ ಕೊಡುತ್ತಿದ್ದ ಚಮಚಗಳ ಮೇಲೂ ಆ ಸಂಖ್ಯೆ ಇರುತ್ತದೆ. ಗಡಿಯಾರದ ಹೆಸರು ನೋಡಿ ಬೆಲೆ ಕಟ್ಟುವವರಿದ್ದಾರೆ, ಅವು ಲೇಪನದವು.

‘800’ ಹಾಗಲ್ಲ, ಅದು ನಿಜವಾದ ಬೆಳ್ಳಿ, ಸಾವಿರಕ್ಕೆ ಎಂಟುನೂರು ಪಾಲು. ಪಕ್ಕದಲ್ಲಿ ಅರ್ಧಚಂದ್ರವೂ ಕಿರೀಟವೂ ಇದ್ದರೆ ಜರ್ಮನಿಯದು, 1888ರ ನಂತರದ್ದು.

ಸಿಂಹ, ಲಂಗರು, ಅಕ್ಷರ ಇರುವ ಐದು ಇಂಗ್ಲೆಂಡಿನವು. ಎಡಕ್ಕೆ ಮುಖ ಮಾಡಿ ನಡೆಯುವ ಸಿಂಹ ಎಂದರೆ ಸ್ಟರ್ಲಿಂಗ್, ಸಾವಿರಕ್ಕೆ 925. ಲಂಗರು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿಯ ಗುರುತು, ಸಮುದ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿರತೆಯ ತಲೆ ಇದ್ದರೆ ಲಂಡನ್, ಕಿರೀಟವಿದ್ದರೆ 1974ರವರೆಗಿನ ಶೆಫೀಲ್ಡ್, ಗುಲಾಬಿಯಿದ್ದರೆ ಅದರ ನಂತರದ ಶೆಫೀಲ್ಡ್. ಒಂಟಿ ಅಕ್ಷರ ವರ್ಷದ ಗುರುತು. ಅದನ್ನು ಓದುವಾಗ ಅಕ್ಷರವನ್ನಷ್ಟೇ ನೋಡದೆ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಎರಡನ್ನೂ ಆಯಾ ಊರಿನ ಪಟ್ಟಿಗೆ ಹೋಲಿಸಬೇಕು. ಅದೇ ಅಕ್ಷರ ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೊಮ್ಮೆ ಬೇರೆ ವೇಷದಲ್ಲಿ ಮರಳುತ್ತದೆ. ಇನ್ನೊಂದು ಎಡವಟ್ಟು ರಾಜಮುಖದ್ದು. ತೆರಿಗೆ ಕಟ್ಟಿದ ಗುರುತಾಗಿ ರಾಜ ಅಥವಾ ರಾಣಿಯ ತಲೆಯನ್ನು ಒತ್ತುತ್ತಿದ್ದದ್ದು 1890ಕ್ಕೆ ನಿಂತಿತು. ಆದರೆ ಐದನೇ ಜಾರ್ಜ್ ದೊರೆಯ 1935ರ ರಜತೋತ್ಸವ ಮತ್ತು ಎರಡನೇ ಎಲಿಜಬೆತ್ ರಾಣಿಯ 1953ರ ಪಟ್ಟಾಭಿಷೇಕದ ಆಸುಪಾಸಿನಲ್ಲಿ ನೆನಪಿಗೆಂದು ಮತ್ತೆ ರಾಜಮುಖ ಒತ್ತಿದ್ದಾರೆ. ಎಲಿಜಬೆತ್ ರಾಣಿಯನ್ನು ವಿಕ್ಟೋರಿಯಾ ಎಂದುಕೊಂಡು ಅರುವತ್ತು ವರ್ಷ ಹೆಚ್ಚಿಗೆ ಎಣಿಸುವುದು ಇಲ್ಲಿಯೇ.

ಈಗ ಸಿಂಹ-ಲಂಗರಿನ ಜೊತೆ ‘ಸ್ಟರ್ಲಿಂಗ್’ ಎಂದೂ ಬರೆದಿರುವ ಆ ಒಂದು. ಇಂಗ್ಲೆಂಡಿನಲ್ಲಿ ಮುದ್ರೆಯೇ ಸಾಕ್ಷಿ, ಪದ ಬರೆಯಬೇಕಾಗಿರಲಿಲ್ಲ. ಪದ ಕಂಡರೆ ಮೊದಲು ಅಮೆರಿಕವನ್ನು ನೆನೆಯಿರಿ. ಸಿಂಹದ ಮುಖ ಬಲಕ್ಕಿದ್ದು ಮೂರನೆಯ ಗುರುತು ಹಳೆ ಶೈಲಿಯ ಇಂಗ್ಲಿಷ್ ‘ಜಿ’ ಆಗಿದ್ದರೆ ಅದು ರೋಡ್ ಐಲೆಂಡಿನ ಗೋರಂ ಕಂಪನಿಯ ವ್ಯಾಪಾರ ಮುದ್ರೆ. ಇಂಗ್ಲಿಷ್ ಹಾಲ್‌ಮಾರ್ಕಿನಂತೆಯೇ ಕಾಣುವ ಹಾಗೆ ಜೋಡಿಸಿದ್ದಾರೆ. ಆ ‘ಜಿ’ಯನ್ನು ವರ್ಷದ ಅಕ್ಷರವೆಂದು ಓದಿದರೆ ದೇಶವೂ ತಪ್ಪು, ಕಾಲವೂ ತಪ್ಪು.

ಮೂರ್ ಮಾರ್ಕೆಟ್ಟಿನ ಚಮಚಕ್ಕೆ ಮುದ್ರೆ ಇಲ್ಲವೆಂದು ಬೇಸರ ಬೇಡ. ಬ್ರಿಟಿಷರ ಕಾಲದ ಭಾರತದಲ್ಲಿ ಕಡ್ಡಾಯ ಹಾಲ್‌ಮಾರ್ಕ್ ಇರಲಿಲ್ಲ. ದೇವತೆಗಳ ಉಬ್ಬುಚಿತ್ರದ ಈ ದಕ್ಷಿಣದ ಕೆಲಸಕ್ಕೆ ‘ಸ್ವಾಮಿ ಬೆಳ್ಳಿ’ ಎಂದೇ ಹೆಸರು. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ದೊಡ್ಡ ಅಂಗಡಿಗಳು ತಮ್ಮ ಹೆಸರು ಒತ್ತುತ್ತಿದ್ದವು, ಪುಟ್ಟ ಕುಲುಮೆಗಳವರು ಏನನ್ನೂ ಒತ್ತುತ್ತಿರಲಿಲ್ಲ. ಮನೆಗೆ ಮರಳುವ ಇಂಗ್ಲಿಷರಿಗೆ ಇದೇ ಸುವನೀರ್.

ತೂಕ ಮತ್ತು ನೀರು

ಮುದ್ರೆ ಇಲ್ಲದ್ದಕ್ಕೂ ಅಳಿಸಿಹೋದದ್ದಕ್ಕೂ ಒರೆಗಲ್ಲಿಗಿಂತ ಮೊದಲು ಸಾಂದ್ರತೆ ನೋಡಿ, ಚಮಚಕ್ಕೆ ಗೀರೂ ಬೀಳುವುದಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಒಣ ಚಮಚ ತೂಗಿ ಬರೆದಿಡಿ. ತಕ್ಕಡಿಯ ಮೇಲೆ ನೀರು ತುಂಬಿದ ಲೋಟವಿಟ್ಟು ಸೊನ್ನೆ ಮಾಡಿ. ಚಮಚವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ಕಾಣುವ ಗ್ರಾಂ ಚಮಚದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. 24.60 ಗ್ರಾಂ ಚಮಚಕ್ಕೆ ನೀರಿನಲ್ಲಿ 2.37 ಬಂದರೆ 10.38, ಅಂದರೆ ಸ್ಟರ್ಲಿಂಗಿನ 10.36ಕ್ಕೆ ಹತ್ತಿರ. 2.83 ಬಂದರೆ 8.69, ಅದು ಜರ್ಮನ್ ಸಿಲ್ವರ್. 800ರ ಬೆಳ್ಳಿ 10.1ರ ಮೇಲೆ ನಿಲ್ಲುತ್ತದೆ.

ತಪ್ಪುವುದು ಎರಡು ಕಡೆ. ಕೆತ್ತನೆಯ ಸಂದಿಯಲ್ಲಿ ಗಾಳಿಗುಳ್ಳೆ ಉಳಿದರೆ ಬೆಳ್ಳಿಯೂ ಹಗುರವಾಗಿ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ಚಮಚವನ್ನು ಮೆಲ್ಲಗೆ ಅಲುಗಿಸಿ. ಎರಡನೆಯದು 0.1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. 10 ಗ್ರಾಮಿನ ಕಾಫಿ ಚಮಚದಲ್ಲಿ ಬೆಳ್ಳಿಗೆ 0.97, ಜರ್ಮನ್ ಸಿಲ್ವರಿಗೆ 1.15 ಬರಬೇಕು. ಅಷ್ಟು ಸಣ್ಣ ಅಂತರ ಆ ತಕ್ಕಡಿಗೆ ಕಾಣುವುದಿಲ್ಲ. ಗಾಜಿನ ಬಣ್ಣದ ಕೆಲಸ, ಅಂದರೆ ಎನಾಮೆಲ್ ಇರುವ ಚಮಚಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಗಾಜು ಹಗುರ.

ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ಗೀರಿಲ್ಲದೆ ನೋಡುತ್ತದೆ ನಿಜ, ಆದರೆ ಮೇಲ್ಮೈಯನ್ನಷ್ಟೇ. ದಪ್ಪ ಲೇಪನವಿದ್ದರೆ ಒಳಗೇನಿದ್ದರೂ ಬೆಳ್ಳಿ ಎಂದೇ ಹೇಳೀತು. ಮೇಜಿಗೆ ಉಜ್ಜಿ ಸವೆದಿರುವ ಬೆನ್ನಿನ ಉಬ್ಬನ್ನೇ ತೋರಿಸಿ ಎಂದು ಕೇಳಿ. ಆಮ್ಲದ ಪರೀಕ್ಷೆಗೆ ಒಪ್ಪುವುದಾದರೆ ಒಡೆದ ಚಮಚಕ್ಕೆ ಮಾತ್ರ ಒಪ್ಪಿ.

ಬೋಳಾದದ್ದು ಏಕೆ

ಬೆಳ್ಳಿ ಕಪ್ಪಾಗುವುದು ತುಕ್ಕಲ್ಲ. ಗಾಳಿಯಲ್ಲಿನ ಗಂಧಕ ಬೆಳ್ಳಿಯೊಂದಿಗೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ಫಾಯಿಲ್-ಸೋಡಾ ಉಪಾಯದಲ್ಲಿ ಅಲ್ಯುಮಿನಿಯಂ ಆ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಬೆಳ್ಳಿಯಾಗಿಯೇ ಉಳಿಸುತ್ತದೆ. ರಸಾಯನ ಸರಿಯಾದದ್ದೇ. ತೊಂದರೆ ಬೇರೆ. ಚಿತ್ರ ಎದ್ದು ಕಾಣಲೆಂದು ಕುಶಲಕರ್ಮಿಗಳು ಗೆರೆಗಳ ಒಳಗೆ ಬೇಕೆಂದೇ ಕಪ್ಪು ಹಿಡಿಸಿರುತ್ತಾರೆ. ಸೋಡಾ ನೀರಿಗೆ ಬೇಕಾದ ಕಪ್ಪು, ಬೇಡದ ಕಪ್ಪು ಎಂಬ ಭೇದ ಗೊತ್ತಿಲ್ಲ. ಎರಡೂ ಹೋಗಿ ಚಿತ್ರ ಸಪ್ಪೆಯಾಯಿತು. ಲೋಹ ನಷ್ಟವಾಗಿಲ್ಲ. ಹಾಗೇ ಬಿಟ್ಟರೆ ಕೆಲವು ವರ್ಷದಲ್ಲಿ ಗೆರೆಗಳು ತಾವಾಗಿ ಮಸಿಯಾಗುತ್ತವೆ. ಉಬ್ಬುಗಳನ್ನಷ್ಟೇ ಬಟ್ಟೆಯಿಂದ ಒರೆಸುತ್ತಿರಿ. ಬೇಗ ಬೇಕೆಂದರೆ ಬೆಳ್ಳಿ ಕೆಲಸದವರು ಪೊಟ್ಯಾಸಿಯಂ ಸಲ್ಫೈಡ್ ಹಚ್ಚಿ ಕಪ್ಪು ಕೊಡುತ್ತಾರೆ, ಮಾಟಗಾತಿಯ ಚಮಚಕ್ಕೆ ಮಾತ್ರ ಅದು ಬೇಡ.

ಎನಾಮೆಲ್ ಇರುವವನ್ನು ಕುದಿನೀರಿಗೆ ಹಾಕಿದ್ದರೆ ಇದಕ್ಕಿಂತ ಕೆಟ್ಟದಾಗುತ್ತಿತ್ತು. ಗಾಜು, ಲೋಹ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕೂದಲೆಳೆಯಂಥ ಬಿರುಕು ಬಿದ್ದು ಆಮೇಲೊಂದು ದಿನ ಚಕ್ಕೆ ಏಳುತ್ತದೆ, ಅದನ್ನು ಮತ್ತೆ ಕೂರಿಸುವ ಕೈಗಳು ಅಪರೂಪ. ಚಮಚದ ಗುಳಿಯಲ್ಲಿ ಹಳದಿ ಛಾಯೆ ಕಂಡರೆ ಅದು ಕೊಳೆಯಲ್ಲ, ಮೊಟ್ಟೆ-ಉಪ್ಪಿಗೆ ಬೆಳ್ಳಿ ಕೆಡದಿರಲೆಂದು ಕೊಟ್ಟ ಚಿನ್ನದ ನೀರು. ಉಜ್ಜಿದರೆ ಹೋಯಿತು.

ನಮ್ಮ ಮನೆಗಳ ಹುಣಸೆಹಣ್ಣು, ವಿಭೂತಿ, ಹಲ್ಲಿನ ಪೇಸ್ಟು ದೀಪದ ಕಂಬಕ್ಕೆ ಸರಿ, ಇವಕ್ಕಲ್ಲ. ಪೇಸ್ಟಿನಲ್ಲಿ ಉಜ್ಜುವ ಹರಳು ಇರುತ್ತದೆ, ಹುಣಸೆಯ ಹುಳಿ ಎನಾಮೆಲ್ಲಿನ ಅಂಚಿನಲ್ಲಿ ಉಳಿದುಬಿಡುತ್ತದೆ, ಅಂಗಡಿಯ ವಿಭೂತಿಯಲ್ಲಿ ಏನೇನು ಬೆರೆತಿದೆಯೋ ಹೇಳುವಂತಿಲ್ಲ. ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ತಣ್ಣೀರು, ಎರಡು ಹನಿ ಸೌಮ್ಯ ಸೋಪು, ಹತ್ತಿ ಬಟ್ಟೆ, ಕೂಡಲೇ ಒರೆಸುವುದು: ಹೆಚ್ಚಿನವಕ್ಕೆ ಇಷ್ಟೇ ಸಾಕು. ಹಟಮಾರಿ ಕಪ್ಪಿಗೆ ಔಷಧಿ ಅಂಗಡಿಯ ಪ್ರೆಸಿಪಿಟೇಟೆಡ್ ಚಾಕ್ ಪುಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಮೊಸರಿನಷ್ಟು ತೆಳ್ಳಗೆ ಕಲಸಿ, ಹತ್ತಿ ಕಡ್ಡಿಯಿಂದ ಉದ್ದುದ್ದಕ್ಕೆ ಉಜ್ಜಿ. ತರಗತಿಯ ಸೀಮೆಸುಣ್ಣ ಬೇಡ, ಅದರಲ್ಲಿ ಮರಳಿನ ಕಣ ಸಿಕ್ಕೀತು. ಪ್ರತಿ ಪಾಲಿಶ್‌ಗೂ ಬೆಳ್ಳಿ ಸವೆಯುತ್ತದೆ, ಮುದ್ರೆ ಮೊದಲು ಸವೆಯುತ್ತದೆ.

ಬೀಟೆ ಹಲಗೆಯ ಹಿಂದೆ ಉಣ್ಣೆಯ ಬಟ್ಟೆ ಅಂಟಿಸಿದ್ದರೆ ಕಿತ್ತುಬಿಡಿ. ಉಣ್ಣೆಯಲ್ಲೂ ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿದೆ. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟ ಚಮಚದ ಮೇಲೆ ಬಿದ್ದ ಕಪ್ಪು ಗೆರೆ ಲೋಹದೊಳಕ್ಕೆ ಇಳಿದಿರುತ್ತದೆ, ಸುಲಭಕ್ಕೆ ಹೋಗದು. ಅಗರಬತ್ತಿ, ಒಗ್ಗರಣೆ ಹೊಗೆ ತಾಗುವ ಗೋಡೆ ಬೇಡ.

ಮಾರುವುದೇ, ಕರಗಿಸುವುದೇ, ಇಟ್ಟುಕೊಳ್ಳುವುದೇ

ಕರಗಿಸುವ ಲೆಕ್ಕ ನೋಡೋಣ. ಐದು ಬರ್ಮಿಂಗ್‌ಹ್ಯಾಮ್ ಚಮಚ ತಲಾ 12 ಗ್ರಾಂ ಎಂದರೆ 60, ಶುದ್ಧ ಬೆಳ್ಳಿ 55.5. ಮೂರು ‘800’ ಸೇರಿ 30 ಗ್ರಾಂ ಇದ್ದರೆ 24. ಎರಡು ಸ್ಟರ್ಲಿಂಗ್ 44 ಇದ್ದರೆ 40.7. ಒಟ್ಟು ಸುಮಾರು 120 ಗ್ರಾಂ. ಬ್ರಿಟಿಷರ ಕಾಲದ, 1940ಕ್ಕೆ ಮೊದಲಿನ 11.66 ಗ್ರಾಮಿನ ರೂಪಾಯಿ ನಾಣ್ಯದಲ್ಲಿ ಶುದ್ಧ ಬೆಳ್ಳಿ 10.7 ಗ್ರಾಂ ಇರುತ್ತಿತ್ತು. ಅಂಥ ಹನ್ನೊಂದು ನಾಣ್ಯದಷ್ಟು ನಿಮ್ಮ ಬಳಿಯಿದೆ, 520 ಗ್ರಾಂ ಅಲ್ಲ. ಅದರಲ್ಲೂ ತೇಮಾನು ಕಳೆಯುತ್ತಾರೆ, ಬಟ್ಟಲಿಗೆ ಮಜೂರಿ ಬೇರೆ. ಎನಾಮೆಲ್ ಗಾಜಿನ ತೂಕವೂ ಬಿಟ್ಟುಹೋಗುತ್ತದೆ. ಲೇಪನದವನ್ನು ಕರಗಿಸಿದರೆ ಬೆಳ್ಳಿ ಮರಳಿ ಸಿಗುವುದೇ ಇಲ್ಲ. ‘ಎಲ್ಲ ಜರ್ಮನ್ ಸಿಲ್ವರ್’ ಎಂದು ಒಟ್ಟಿಗೆ ತೂಗಿಕೊಟ್ಟರೆ ನಷ್ಟವಾಗುವುದು ಈ 120 ಗ್ರಾಂ ಮಾತ್ರವಲ್ಲ, ಮಾಟಗಾತಿಯೂ ಹೋಗುತ್ತಾಳೆ.

ಸಂಗ್ರಾಹಕರ ಮಾರುಕಟ್ಟೆಯಲ್ಲಿ ಊರಿನ ಲಾಂಛನದ ಸಾಮಾನ್ಯ ಚಮಚಗಳಿಗೆ ಲೋಹದ ಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ. ಕೇಳುವುದು ಆಕೃತಿ ಪೂರ್ತಿ ಮೂಡಿದ ಹಿಡಿಯನ್ನು, ಚಕ್ಕೆ ಏಳದ ಎನಾಮೆಲ್ಲನ್ನು, 1890ರ ದಶಕದ ಹೆಸರಾಂತ ಅಚ್ಚುಗಳನ್ನು. ಸೇಲಂ ಚಮಚ ಅಂಥದ್ದು, ಹಾಗಾಗಿ ನಕಲೂ ಇದೆ. ಒತ್ತುಯಂತ್ರದ ಅಸಲಿಯಲ್ಲಿ ಗೆರೆಗಳು ಚೂಪು. ಎರಕದ ನಕಲಿನಲ್ಲಿ ಅಂಚು ಮೆತ್ತಗೆ, ಸೂಜಿಮೊನೆಯಂಥ ಗುಳಿಗಳು, ‘ಸ್ಟರ್ಲಿಂಗ್’ ಪದವೂ ಮಸುಕು. ಹಿಂದೆ ಡರ್ಗಿನ್ನರ ‘ಡಿ’ ಮುದ್ರೆ, ಡೇನಿಯಲ್ ಲೋ ಹೆಸರು ಇವೆಯೇ ನೋಡಿ. ಹಿಡಿಯ ಮೇಲೆ ಯಾರದೋ ಹೆಸರಿನ ಅಕ್ಷರ ಕೊರೆದಿದ್ದರೆ ಉಜ್ಜಿಸಿ ತೆಗೆಸಬೇಡಿ, ಆ ಜಾಗ ತೆಳುವಾದರೆ ಬೆಲೆ ಇನ್ನೂ ಇಳಿಯುತ್ತದೆ.

ಚಮಚ ಬಗ್ಗಿಸಿ ಉಂಗುರ, ಬಳೆ ಮಾಡಿಕೊಡುವವರಿದ್ದಾರೆ. ಲೇಪನದವಕ್ಕೆ ಅದು ಹೊಂದದು, ನಿಕ್ಕಲ್ ತಾಗಿ ಕೆಲವರಿಗೆ ಚರ್ಮ ತುರಿಸುತ್ತದೆ. ಗಟ್ಟಿ ಬೆಳ್ಳಿಯವನ್ನು ಕಾಫಿಗೆ ಬಳಸಲು ಅಡ್ಡಿಯಿಲ್ಲ, ಉಪ್ಪಿನಕಾಯಿಗೆ ಬೇಡ, ಉಪ್ಪು ಬೆಳ್ಳಿಯ ಮೇಲೆ ಗುಳಿ ತೋಡುತ್ತದೆ. ಲೇಪನ ಸವೆದು ಹಳದಿ ಲೋಹ ಕಾಣುವವನ್ನು ಬಾಯಿಗಿಡದಿರುವುದು ಒಳ್ಳೆಯದು.

ಹೊರದೇಶದ ಸಂಗ್ರಾಹಕರಿಗೆ ಅಂಚೆಯಲ್ಲಿ ಕಳಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ಕಲೆ-ಕುಶಲ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವುದನ್ನು ತಡೆಯುತ್ತದೆ. ಸ್ವಾಮಿ ಚಮಚಕ್ಕೂ ಸೇಲಂ ಚಮಚಕ್ಕೂ ಇದು ತಾಗಬಹುದು. ಮಾರುವುದಾದರೆ ದೇಶದೊಳಗೇ ಮಾರಿ, ಇಲ್ಲವೇ ಮೊದಲು ಭಾರತೀಯ ಪುರಾತತ್ತ್ವ ಇಲಾಖೆಯಿಂದ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಸಿಗುತ್ತದೆಯೇ ಕೇಳಿ.

ನನ್ನನ್ನು ಕೇಳಿದರೆ ಸ್ವಾಮಿ, ಸೇಲಂ ಎರಡನ್ನೂ ಗೋರಂನದ್ದನ್ನೂ ಪಕ್ಕಕ್ಕಿಡಿ. ಬಟ್ಟಲು ಬೇಕೇ ಬೇಕೆಂದರೆ ‘800’ರಲ್ಲಿ ಎನಾಮೆಲ್ ಇಲ್ಲದವು, ಬಾಗಿ ಬಿರುಕು ಬಿಟ್ಟವು ಇದ್ದರೆ ಅವನ್ನು ಕೊಡಿ, ಕಡಿಮೆ ಬಿದ್ದ ಬೆಳ್ಳಿಯನ್ನು ಕೊಂಡು ಸೇರಿಸಿ. ಉಳಿದವು ಹಲಗೆಗೆ ಮರಳಲಿ. ದೊಡ್ಡಪ್ಪನ ಹಡಗಿನ ದಾಖಲೆ ಪುಸ್ತಕ ಮನೆಯಲ್ಲಿದ್ದರೆ ಬಂದರು, ತಾರೀಕು ನೋಡಿ ಪ್ರತಿ ಚಮಚಕ್ಕೂ ಒಂದು ಕಾಗದದ ಚೀಟಿಯನ್ನು ಹತ್ತಿ ದಾರದಿಂದ ಕಟ್ಟಿ. ಚಮಚದ ಮೇಲೆ ಅಂಟು ಚೀಟಿ ಹಚ್ಚಬೇಡಿ.